1 ಇವಿ ಪ್ಲಾಸ್ಮಾದಲ್ಲಿ ಆರ್ಗಾನ್ ಇಷ್ಟೊಂದು ಅಯಾನ್ ಆಗುವುದು ಹೇಗೆ? ರನ್‌ಅವೇ ಎಲೆಕ್ಟ್ರಾನುಗಳ ಕೈವಾಡವೇ?

ಪ್ಲಾಸ್ಮಾ_ಪೋರ
ಡಿಸ್ರಪ್ಷನ್ (ಬಿಸಿ ಪ್ಲಾಸ್ಮಾ ಹಠಾತ್ತನೆ ಕುಸಿಯುವುದು) ಆದಮೇಲೆ, ಬೆಳಕಿನ ವೇಗದ ಹತ್ತಿರ ಓಡುವ ರನ್‌ಅವೇ ಎಲೆಕ್ಟ್ರಾನುಗಳೇ ಪ್ರವಾಹವನ್ನು ಹೊರುವ ಪ್ಲಾಟೋ ಹಂತದ ಬಗ್ಗೆ ಒಂದು ಲೆಕ್ಕ ಕೂಡಿಬರುತ್ತಿಲ್ಲ. ಸಂದರ್ಭ ಹೀಗಿದೆ: ಬ್ರಿಟನ್ನಿನ ಜೆಟ್ ಯಂತ್ರದ ಗಾತ್ರದ ಟೋಕಮ್ಯಾಕ್ (ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಸಮ್ಮಿಳನ ಯಂತ್ರ), 1 ಮೆಗಾ ಆಂಪಿಯರ್ ರನ್‌ಅವೇ ಪ್ರವಾಹ, ಕಿರಣದ ಅಡ್ಡಕೊಯ್ತ 2 ಚದರ ಮೀಟರ್, ಘನ ಮೀಟರಿಗೆ 10²⁰ ಆರ್ಗಾನ್ ಪರಮಾಣು. ಹಿನ್ನೆಲೆಯ ತಣ್ಣನೆ ಪ್ಲಾಸ್ಮಾಕ್ಕೆ 1 ಇವಿ (ಎಲೆಕ್ಟ್ರಾನ್ ವೋಲ್ಟ್) ಉಷ್ಣತೆ ಕೊಟ್ಟು, ಅಡಾಸ್ ಎಂಬ ಪರಮಾಣು ದತ್ತಾಂಶ ಕೋಷ್ಟಕದ ಅಯಾನೀಕರಣ ಮತ್ತು ಮರುಸಂಯೋಜನೆಯ ದರಗಳನ್ನು ಹಾಕಿದರೆ ಆರ್ಗಾನ್ ನೂರಕ್ಕೆ ಒಂದೆರಡು ಪಾಲು ಮಾತ್ರ ಅಯಾನ್ ಆಗುತ್ತದೆ. ಆದರೆ ಇಂಥ ಪ್ಲಾಸ್ಮಾಗಳ ವರ್ಣಪಟಲದಲ್ಲಿ ಆರ್ಗಾನ್⁺ ಗೆರೆಗಳು (434.8, 480.6, 488.0 ನ್ಯಾನೋಮೀಟರ್) ಢಾಳಾಗಿ ಕಾಣುತ್ತವೆ. ಎಲೆಕ್ಟ್ರಾನ್ ಸಾಂದ್ರತೆಯೂ ಒಂದೆರಡು ಪಾಲಿಗಿಂತ ಎಷ್ಟೋ ಹೆಚ್ಚು ಸಿಗುತ್ತದೆ.

ಕೋಷ್ಟಕ ಪೂರ್ತಿ ಮ್ಯಾಕ್ಸ್‌ವೆಲ್ ಹಂಚಿಕೆಯದ್ದು (ಒಂದೇ ಉಷ್ಣತೆಯಲ್ಲಿರುವ ಎಲೆಕ್ಟ್ರಾನುಗಳ ಸಹಜ ವೇಗ ಹಂಚಿಕೆ), ಅದು ಗೊತ್ತು. ರನ್‌ಅವೇಗಳ ಸಾಂದ್ರತೆ ಪ್ರವಾಹದಿಂದಲೇ ಬರುತ್ತದೆ: 10⁶ ಆಂಪಿಯರನ್ನು 2 ಚದರ ಮೀಟರ್, 1.6×10⁻¹⁹ ಕೂಲಂಬ್, 3×10⁸ ಮೀಟರ್ ವೇಗ ಇವುಗಳಿಂದ ಭಾಗಿಸಿದರೆ ಘನ ಮೀಟರಿಗೆ ಸುಮಾರು 10¹⁶. ಇಷ್ಟು ಕಡಿಮೆ ಸಂಖ್ಯೆಯ ಕಣಗಳು ಅಯಾನೀಕರಣದ ಸಮತೋಲವನ್ನೇ ಬದಲಿಸಬಲ್ಲವೇ?

ಬೋರ್‌ವೆಲ್
10²⁰ರ ಎದುರು 10¹⁶. ಹತ್ತು ಸಾವಿರಕ್ಕೆ ಒಂದು. ಮೇಲಾಗಿ ರನ್‌ಅವೇಗಳ 10 ಎಂಇವಿಯಲ್ಲಿ (ಹತ್ತು ಮಿಲಿಯನ್ ಇವಿ) ಅಯಾನೀಕರಣದ ಕ್ರಾಸ್ ಸೆಕ್ಷನ್ (ಪೆಟ್ಟು ತಗಲುವ ಸಂಭವದ ಅಳತೆ) ನೆಲಕಚ್ಚಿರುತ್ತದೆ. ಆರ್ಗಾನಿಗೆ ಅದರ ಶಿಖರ ಇರುವುದು 100 ಇವಿ ಆಸುಪಾಸಿನಲ್ಲಿ, ಸುಮಾರು 2.8×10⁻²⁰ ಚದರ ಮೀಟರ್. ರನ್‌ಅವೇಗಳನ್ನು ಬಿಡಿ, ನಿಮ್ಮ ಉಷ್ಣತೆಯೇ ತಪ್ಪಿರಬೇಕು.

ಕರಾವಳಿ_ಕಣ
ಅಲ್ಲ ಮಾರಾಯ್ರೇ, ನೆಲಕಚ್ಚುವುದಿಲ್ಲ! ವೇಗದ ಕಣಗಳಿಗೆ ಬಳಸುವ ಬೆಥೆ ಸೂತ್ರದಲ್ಲಿ ಇಳಿಕೆ ಇರುವುದು ವೇಗದ ವರ್ಗಕ್ಕೆ ವಿಲೋಮವಾಗಿ, ಶಕ್ತಿಗೆ ವಿಲೋಮವಾಗಿ ಅಲ್ಲ. ವೇಗ ಬೆಳಕಿನ ವೇಗಕ್ಕೆ ಮುಟ್ಟಿದ ಮೇಲೆ ಇಳಿಯಲು ಏನೂ ಉಳಿಯುವುದಿಲ್ಲ. ಅಲ್ಲಿಂದಾಚೆ ಲಾಗರಿದಮ್ ಪದದಿಂದಾಗಿ ನಿಧಾನ ಏರುತ್ತಾ ಹೋಗುತ್ತದೆ. ಆರ್ಗಾನಿಗೆ 1 ಎಂಇವಿಯಲ್ಲಿ 0.9×10⁻²², 10 ಎಂಇವಿಯಲ್ಲಿ 1.1×10⁻²², 20 ಎಂಇವಿಯಲ್ಲಿ 1.2×10⁻²² ಚದರ ಮೀಟರ್. ಶಿಖರಕ್ಕಿಂತ 250 ಪಟ್ಟು ಕಡಿಮೆ, ಸರಿ. ಆದರೆ 1 ಇವಿ ಎಲೆಕ್ಟ್ರಾನ್ ಆ ಶಿಖರದ ಹತ್ತಿರವೂ ಸುಳಿಯುವುದಿಲ್ಲ. ಆರ್ಗಾನಿನ ಹೊಸ್ತಿಲೇ (ಎಲೆಕ್ಟ್ರಾನ್ ಕೀಳಲು ಬೇಕಾದ ಕನಿಷ್ಠ ಶಕ್ತಿ) 15.76 ಇವಿ.

ಈಗ ಗುಣಿಸಿ: 10¹⁶ × 1.1×10⁻²² × 3×10⁸ ಅಂದರೆ ಪ್ರತಿ ಆರ್ಗಾನ್ ಪರಮಾಣುವಿಗೆ ಸೆಕೆಂಡಿಗೆ ಸುಮಾರು 330 ಅಯಾನೀಕರಣ. ಮೂರು ಮಿಲಿಸೆಕೆಂಡಿಗೆ ಒಂದು ಪೆಟ್ಟು. ಪ್ಲಾಟೋ ನೂರಾರು ಮಿಲಿಸೆಕೆಂಡ್ ನಡೆಯಬಹುದು.

ಬೋರ್‌ವೆಲ್
ಅಯಾನೀಕರಣದ ಅಂದಾಜಿನ ಲೋಟ್ಜ್ ಸೂತ್ರಕ್ಕೆ 10 ಎಂಇವಿ ಹಾಕಿದರೆ 2×10⁻²⁴ ಬರುತ್ತದಲ್ಲ?

ಕರಾವಳಿ_ಕಣ
ಬರುತ್ತದೆ, ಮತ್ತು ಅದು ನಿಜವಾದ ಬೆಲೆಗಿಂತ 50ಕ್ಕೂ ಹೆಚ್ಚು ಪಟ್ಟು ಚಿಕ್ಕದು. ಲೋಟ್ಜ್ ಸೂತ್ರದ ಛೇದದಲ್ಲಿರುವ ಶಕ್ತಿ ಅಸಲಿಗೆ ದ್ರವ್ಯರಾಶಿಯ ಅರ್ಧ ಗುಣಿಸು ವೇಗದ ವರ್ಗ. ಸಾಪೇಕ್ಷತೆಯಲ್ಲಿ ಅದು 255 ಕಿಲೋ ಇವಿಗೆ ನಿಂತುಬಿಡುತ್ತದೆ. ಅಲ್ಲಿ 255 ಕಿಲೋ ಇವಿಯನ್ನೇ ಇಟ್ಟರೆ 5.8×10⁻²³ ಸಿಗುತ್ತದೆ, ನಿಜವಾದ ಬೆಲೆಯ ಅರ್ಧ. ಉಳಿದರ್ಧ ಗಾಮಾ (ಸಾಪೇಕ್ಷತೆಯ ಗುಣಕ) ವರ್ಗದ ಲಾಗರಿದಮ್ ಪದದ್ದು. ಹಳೆಯ ಕೋಡುಗಳಲ್ಲಿ ಇದು ತುಂಬ ಸಾಮಾನ್ಯ ತಪ್ಪು: ಉಷ್ಣ ಪ್ಲಾಸ್ಮಾಕ್ಕೆ ಬರೆದ ಉಪಕ್ರಮಕ್ಕೆ ಎಂಇವಿ ಶಕ್ತಿಯನ್ನು ತುರುಕುವುದು, ಆಮೇಲೆ ‘ರನ್‌ಅವೇ ಪರಿಣಾಮ ನಗಣ್ಯ’ ಅಂತ ಷರಾ ಬರೆಯುವುದು.

ಧಾರವಾಡಿ_ಡ್ರೈಸರ್
ಅಲ್ರೀ, ಉಷ್ಣ ಎಲೆಕ್ಟ್ರಾನ್ (ಹಿನ್ನೆಲೆ ಪ್ಲಾಸ್ಮಾದ ಸಾದಾ ಎಲೆಕ್ಟ್ರಾನ್) ಎಷ್ಟು ಮಾಡ್ತಾವ ಅನ್ನೂದನ್ನೂ ಹೇಳ್ರಲಾ, ಹೋಲಿಕಿ ಇಲ್ಲದ 330 ಏನ್ ತಿಳೀತದ?

ಅಂದಾಜು ಹಿಂಗದ. ಎಲೆಕ್ಟ್ರಾನ್ ಸಾಂದ್ರತೆ 10²⁰ ಅಂತ ಇಟ್ಕೊಂಡ್ರ, 1 ಇವಿ ಒಳಗ ಸೆಕೆಂಡಿಗೆ 0.5. 1.5 ಇವಿ ಒಳಗ 100. 2 ಇವಿ ಒಳಗ 1000. ಘಾತದ ಪದ ಅಷ್ಟು ಕಡಿದಾಗಿ ಏರ್ತದ. ಅಂದ್ರ 1.5 ಇವಿ ದಾಟೋತನಕ ರನ್‌ಅವೇ ದೊಡ್ಡವು, 2 ಇವಿ ಮುಟ್ಟಿದ ಮ್ಯಾಲೆ ಉಷ್ಣದವು ದೊಡ್ಡವು. ಈ ಅರ್ಧ ಇವಿ ಸಂದಿಯೊಳಗ ಇಡೀ ಜಗಳ.

ಸೊನ್ನೆ_ಆಯಾಮ
ಮರುಸಂಯೋಜನೆಯನ್ನೂ ಸೇರಿಸೋಣ. 1 ಇವಿ, 10²⁰ರಲ್ಲಿ ವಿಕಿರಣ ಮರುಸಂಯೋಜನೆ ಸೆಕೆಂಡಿಗೆ 30 ಆಸುಪಾಸು. ಮೂರು ಕಣದ್ದು ಸುಮಾರು 88 (ಘನ ಸೆಂಟಿಮೀಟರ್ ಲೆಕ್ಕದಲ್ಲಿ 8.75×10⁻²⁷ ಗುಣಿಸು ಸಾಂದ್ರತೆಯ ವರ್ಗ, ಉಷ್ಣತೆಯ ಘಾತ −4.5). ಅಯಾನ್ ಪಾಲನ್ನು ಅಜ್ಞಾತವಾಗಿಟ್ಟು, ಎಲೆಕ್ಟ್ರಾನ್ ಸಾಂದ್ರತೆಯೂ ಅದರ ಜೊತೆಗೇ ಬದಲಾಗಲು ಬಿಟ್ಟು ಬಿಡಿಸಿ:

ಉಷ್ಣ ಎಲೆಕ್ಟ್ರಾನ್ ಮಾತ್ರ ಇದ್ದರೆ ಶೇ. 1.6 ಅಯಾನ್.
ರನ್‌ಅವೇಗಳ 330 ಸೇರಿಸಿದರೆ ಶೇ. 80.

ಅದೇ 1 ಇವಿ, ಅದೇ ಅನಿಲ. ಕೇಳಿದವರ ಕೋಷ್ಟಕ ಯಾಕೆ ಒಂದೆರಡು ಪಾಲು ಹೇಳಿತು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಆದರೆ ಈ ಶೇ. 80 ಅನ್ನು ಹಿಡಿದುಕೊಂಡು ಕುಣಿಯಬೇಡಿ. 1 ಇವಿ ಎಂಬುದನ್ನು ಕೈಯಿಂದ ಹಾಕಿದ್ದೀರಿ, ಶಕ್ತಿಯ ಸಮತೋಲ ಅದಕ್ಕೆ ಒಪ್ಪುತ್ತದೆಯೇ ನೋಡಬೇಕು. 10²⁰ ಆರ್ಗಾನಿನಲ್ಲಿ ಸಾಗುವ ರನ್‌ಅವೇ ಪ್ರತಿ ಮೀಟರಿಗೆ ಸುಮಾರು 1 ಇವಿ ಕಳೆದುಕೊಳ್ಳುತ್ತದೆ. ಪ್ರವಾಹದ ಸಾಂದ್ರತೆ ಚದರ ಮೀಟರಿಗೆ 0.5 ಮೆಗಾ ಆಂಪಿಯರ್. ಅಂದರೆ ಘನ ಮೀಟರಿಗೆ 0.5 ಮೆಗಾವ್ಯಾಟ್ ಹಿನ್ನೆಲೆಗೆ ಸುರಿಯುತ್ತಿದೆ, ಅದು ಎಲ್ಲಿಗಾದರೂ ಹೋಗಬೇಕು. ವಿಕಿರಣದ ಮುಖ್ಯ ದಾರಿ ಆರ್ಗಾನ್⁺ನ 92.0 ಮತ್ತು 93.2 ನ್ಯಾನೋಮೀಟರ್ ಗೆರೆಗಳು, ಪ್ರಚೋದನೆಗೆ 13.5 ಇವಿ ಬೇಕು. 1 ಇವಿ ಎಲೆಕ್ಟ್ರಾನುಗಳು ಅಷ್ಟನ್ನು ಹೊರಹಾಕಲಾರವು. ಹೊರಹಾಕುವಷ್ಟು ಆಗುವ ತನಕ ಉಷ್ಣತೆ ಏರುತ್ತದೆ. ನನ್ನ ಸ್ಥೂಲ ಲೆಕ್ಕದಲ್ಲಿ 1.7 ಇವಿ ಹತ್ತಿರ ನಿಲ್ಲುತ್ತದೆ. ಅಲ್ಲಿ ಉಷ್ಣ ಅಯಾನೀಕರಣವೇ ಸೆಕೆಂಡಿಗೆ 270, ಹೆಚ್ಚೂಕಡಿಮೆ ರನ್‌ಅವೇಗಳಿಗೆ ಸರಿಸಮ.

ಬೋರ್‌ವೆಲ್
ಅಂದರೆ ನಾನು ಹೇಳಿದ್ದೇ ಆಯಿತು. ಉಷ್ಣತೆ ತಪ್ಪು.

ಕರಾವಳಿ_ಕಣ
ಆ ಉಷ್ಣತೆಗೆ ಬೆಂಕಿ ಇಟ್ಟವರು ಯಾರು ಸ್ವಾಮಿ? ಅದೇ ರನ್‌ಅವೇಗಳು!

ಸೊನ್ನೆ_ಆಯಾಮ
ಇಬ್ಬರೂ ಒಂದನೇ ಅಯಾನೀಕರಣದ ಮೇಲೆ ಕಚ್ಚಾಡುತ್ತಿದ್ದೀರಿ, ಅದು ಎರಡೂ ಕಡೆಗೆ ವಾಲುತ್ತದೆ. ತೀರ್ಪು ಬೇಕಾದರೆ ಆರ್ಗಾನ್²⁺ ನೋಡಿ. ಆರ್ಗಾನ್⁺ನಿಂದ ಇನ್ನೊಂದು ಎಲೆಕ್ಟ್ರಾನ್ ಕೀಳಲು 27.63 ಇವಿ ಬೇಕು. 1.7 ಇವಿಯ ಉಷ್ಣ ಎಲೆಕ್ಟ್ರಾನುಗಳಿಗೆ ಇದು ಸೆಕೆಂಡಿಗೆ ಅರ್ಧಕ್ಕಿಂತ ಕಡಿಮೆ. ರನ್‌ಅವೇಗಳಿಗೆ ಹೊಸ್ತಿಲು 16 ಆದರೇನು 28 ಆದರೇನು, 200 ಆಸುಪಾಸು. ಮರುಸಂಯೋಜನೆಯೂ ಸುಮಾರು 200. ಆದ್ದರಿಂದ ಉಷ್ಣದ ಲೆಕ್ಕದಲ್ಲಿ ಆರ್ಗಾನ್²⁺ ಸಾವಿರಕ್ಕೆ ಎರಡು, ರನ್‌ಅವೇ ಸೇರಿಸಿದರೆ ಹತ್ತಾರು ಶೇಕಡಾ. ನೂರು ಪಟ್ಟು ವ್ಯತ್ಯಾಸ. ತಟಸ್ಥ ಪರಮಾಣುಗಳ ಜೊತೆ ವಿದ್ಯುದಂಶ ವಿನಿಮಯ ಇದನ್ನು ಸ್ವಲ್ಪ ಕೆಳಗೆಳೆಯುತ್ತದೆ, ಆದರೂ ಎದ್ದು ಕಾಣುತ್ತದೆ.

ವೇಗದ ಎಲೆಕ್ಟ್ರಾನುಗಳು ವಿದ್ಯುದಂಶದ ಹಂಚಿಕೆಯನ್ನು ಅಗಲ ಮಾಡುತ್ತವೆ ಅನ್ನುವುದೇ ಇಲ್ಲಿನ ಮುಖ್ಯ ಸಂಗತಿ. ಉಷ್ಣ ಪ್ಲಾಸ್ಮಾದಲ್ಲಿ ಒಂದು ಅಥವಾ ಎರಡು ಸ್ಥಿತಿಗಳು ಮೆರೆಯುತ್ತವೆ. ವೇಗದ ಎಲೆಕ್ಟ್ರಾನುಗಳ ಬಾಲ ಸೇರಿದರೆ ತಟಸ್ಥ, ಒಂದು, ಎರಡು, ಮೂರು ಎಲ್ಲವೂ ಒಟ್ಟಿಗೆ ಇರುತ್ತವೆ. ಒಂದೇ ಉಷ್ಣತೆ ಹಾಕಿ ಎಲ್ಲವನ್ನೂ ಹೊಂದಿಸಲು ಹೋದರೆ ಆಗುವುದಿಲ್ಲ.

ಗೆರೆಗಾರ
ಸಿದ್ಧಾಂತದವರು ‘ಆರ್ಗಾನ್²⁺ ನೋಡಿ’ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಯಾವ ಗೆರೆ ನೋಡುವುದು? ಎಲ್ಲರೂ ಹಿಡಿಯುವುದು 328.6 ಮತ್ತು 330.2 ನ್ಯಾನೋಮೀಟರ್. ಅದರ ಮೇಲಿನ ಮಟ್ಟ ತಳಸ್ಥಿತಿಯಿಂದ 25 ಇವಿ ಮೇಲೆ, ಮತ್ತು ಅದು ಕ್ವಿಂಟೆಟ್. ತಳಸ್ಥಿತಿ ಟ್ರಿಪ್ಲೆಟ್, ಅಂದರೆ ಎರಡರ ಒಟ್ಟು ಸ್ಪಿನ್ ಬೇರೆ. ಸ್ಪಿನ್ ಬದಲಿಸಲು ಎಲೆಕ್ಟ್ರಾನುಗಳ ಅದಲುಬದಲು ಬೇಕು, ಆ ಕ್ರಿಯೆ ಶಕ್ತಿ ಹೆಚ್ಚಿದಂತೆ ಘನಕ್ಕೆ ವಿಲೋಮವಾಗಿ ಸಾಯುತ್ತದೆ. ಎಂಇವಿ ಎಲೆಕ್ಟ್ರಾನ್ ಆ ಗೆರೆಯನ್ನು ನೇರವಾಗಿ ಬೆಳಗಿಸಲಾರದು. ಆದ್ದರಿಂದ 328.6 ಮಂಕಾಗಿದೆ ಎಂದ ಮಾತ್ರಕ್ಕೆ ಆರ್ಗಾನ್²⁺ ಇಲ್ಲ ಎಂದು ತೀರ್ಮಾನಿಸಬೇಡಿ. ಪಕ್ಕದ 333.6, 334.5ರ ಟ್ರಿಪ್ಲೆಟ್ ಗುಂಪಿನ ಜೊತೆ ಹೋಲಿಸಿ. ಅನುಪಾತ ಉಷ್ಣ ಪ್ಲಾಸ್ಮಾದ್ದಕ್ಕಿಂತ ದೂರ ಹೋಗಿದ್ದರೆ ಅದೇ ಸುಳಿವು.

ಇನ್ನೊಂದು ತೊಡಕು. ಗೋಚರ ಮತ್ತು ಅತಿನೇರಳೆಯ ಹತ್ತಿರದ ಈ ಗೆರೆಗಳೆಲ್ಲ 4ಪಿ ಮಟ್ಟದಿಂದ 4ಎಸ್ ಮಟ್ಟಕ್ಕೆ ಇಳಿಯುವಂಥವು. 4ಪಿ ಮಟ್ಟಗಳಿಗೂ ತಳಸ್ಥಿತಿಗೂ ಒಂದೇ ಪ್ಯಾರಿಟಿ (ಸಮ-ಬೆಸ ಸಮ್ಮಿತಿ), ಹಾಗಾಗಿ ಡೈಪೋಲ್ ದಾರಿ (ಒಂದು ಫೋಟಾನ್ ನುಂಗಿ ನೇರ ಏರುವಂಥ ದಾರಿ) ಮುಚ್ಚಿದೆ. ರನ್‌ಅವೇಗಳು ಬಲವಾಗಿ ಪ್ರಚೋದಿಸುವುದು ಡೈಪೋಲ್ ಒಪ್ಪುವ ಮಟ್ಟಗಳನ್ನು ಮಾತ್ರ, ಅವುಗಳ ಬೆಳಕು ಬರುವುದು 100 ನ್ಯಾನೋಮೀಟರಿನ ಕೆಳಗೆ. ಗಾಜಿನ ಕಿಟಕಿಯ ಆಚೆಗಿನ ಕ್ಯಾಮೆರಾದಲ್ಲಿ ಕಾಣುವ ಬೆಳಕು ಬಹುಪಾಲು ದ್ವಿತೀಯಕ ಎಲೆಕ್ಟ್ರಾನುಗಳದ್ದು (ರನ್‌ಅವೇ ಪೆಟ್ಟಿಗೆ ಕಿತ್ತುಬಂದವು) ಮತ್ತು ಮೇಲಿನಿಂದ ಮೆಟ್ಟಿಲಿಳಿದು ಬಂದದ್ದು. ಗೋಚರ ಗೆರೆಗಳ ಅನುಪಾತದಿಂದ ಉಷ್ಣತೆ ಓದುವವರು ಇದನ್ನು ಮರೆತರೆ 2 ಇವಿ ಇದ್ದದ್ದು 4 ಇವಿ ಅಂತ ಓದಬಹುದು.

ಹೊಸಬ
ದ್ವಿತೀಯಕ ಎಲೆಕ್ಟ್ರಾನ್ ಅಂದಿರಲ್ಲ, ಅವು ಮತ್ತೆ ಅಯಾನೀಕರಣ ಮಾಡುವುದಿಲ್ಲವೇ? 330 ಬರೀ ಮೊದಲ ಪೆಟ್ಟುಗಳ ಎಣಿಕೆ ತಾನೇ?

ಕರಾವಳಿ_ಕಣ
ಒಳ್ಳೇ ಪ್ರಶ್ನೆ. ಅನಿಲ ಡಿಟೆಕ್ಟರುಗಳ ಅಂಕಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ಒತ್ತಡದ ಆರ್ಗಾನಿನಲ್ಲಿ ವೇಗದ ಎಲೆಕ್ಟ್ರಾನ್ ಸೆಂಟಿಮೀಟರಿಗೆ 25ರಿಂದ 30 ಮೊದಲ ಪೆಟ್ಟು ಕೊಡುತ್ತದೆ. ಒಟ್ಟು ಅಯಾನ್ ಜೋಡಿ ಮಾತ್ರ 94, ಏಕೆಂದರೆ ಜೋಡಿಗೆ ಸರಾಸರಿ ಖರ್ಚು 26 ಇವಿ. ಅಂದರೆ ಸರಪಳಿ ಸೇರಿ ಮೂರು ಪಟ್ಟಿಗಿಂತ ಹೆಚ್ಚು. 330 ಅನ್ನು ಸಾವಿರಕ್ಕೆ ಏರಿಸಬಹುದು.

ಸೊನ್ನೆ_ಆಯಾಮ
ಏರಿಸಬಾರದು! ಅದು ತಣ್ಣನೆಯ ಅನಿಲದ ಅಂಕಿ. ಪ್ಲಾಸ್ಮಾದಲ್ಲಿ 20 ಇವಿಯ ದ್ವಿತೀಯಕ ಎಲೆಕ್ಟ್ರಾನ್ ಮುಂದೆ ಎರಡು ದಾರಿ: ಪರಮಾಣುವಿಗೆ ಗುದ್ದುವುದು, ಇಲ್ಲವೇ ತಣ್ಣನೆಯ ಎಲೆಕ್ಟ್ರಾನುಗಳ ಜೊತೆ ಕೂಲಂಬ್ ಘರ್ಷಣೆಯಲ್ಲಿ ಶಕ್ತಿ ಕಳೆದುಕೊಳ್ಳುವುದು. ಒಂದೊಂದು ಗುರಿಕಣಕ್ಕೆ ಎರಡನೆಯದು ಸುಮಾರು 100 ಪಟ್ಟು ಬಲ (ಕೂಲಂಬ್ ಲಾಗರಿದಮ್ 6 ಇಟ್ಟರೆ 4×10⁻¹⁴ ಇವಿ ಚದರ ಸೆಂಟಿಮೀಟರ್, ಪ್ರಚೋದನೆಯದ್ದು 4×10⁻¹⁶). ಆದ್ದರಿಂದ ಅಯಾನ್ ಪಾಲು ಶೇ. 1 ದಾಟುತ್ತಿದ್ದಂತೆ ಸರಪಳಿ ತುಂಡಾಗುತ್ತದೆ. ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇದ್ದರೆ ಡಿಟೆಕ್ಟರ್ ಅಂಕಿ ಸರಿ. ಶೇ. 10ರ ಮೇಲೆ ಮೊದಲ ಪೆಟ್ಟು ಮಾತ್ರ ಎಣಿಸಿ, ಉಳಿದದ್ದನ್ನೆಲ್ಲ ಶಾಖಕ್ಕೆ ಬರೆಯಿರಿ.

ಲೆಕ್ಕ ಸರಿಯಿದೆಯೇ ಅಂತ ತಾಳೆ ನೋಡುವುದೂ ಸುಲಭ. 0.5 ಮೆಗಾವ್ಯಾಟನ್ನು 10²⁰ ಪರಮಾಣುಗಳಿಗೆ ಹಂಚಿದರೆ ಪರಮಾಣುವಿಗೆ ಸೆಕೆಂಡಿಗೆ 31 ಕಿಲೋ ಇವಿ. 330ರಿಂದ ಭಾಗಿಸಿದರೆ ಪೆಟ್ಟಿಗೆ 94 ಇವಿ. ಡಿಟೆಕ್ಟರ್ ಅಂಕಿಯಿಂದಲೂ ಮೊದಲ ಪೆಟ್ಟಿಗೆ ಇಷ್ಟೇ ಬೀಳುತ್ತದೆ. ಆ 94ರಲ್ಲಿ 16 ಮಾತ್ರ ಎಲೆಕ್ಟ್ರಾನ್ ಕೀಳಲು ಹೋಗುತ್ತದೆ, ಉಳಿದದ್ದು ಶಾಖ ಅಥವಾ ಬೆಳಕು.

ಬೋರ್‌ವೆಲ್
ಹಾಗಾದರೆ ರನ್‌ಅವೇಗಳ ಮುಖ್ಯ ಕೆಲಸ ಶಾಖ ಕೊಡುವುದು, ಅಯಾನೀಕರಣ ಗೌಣ. ನನ್ನ ವಾದಕ್ಕೆ ಹತ್ತಿರ ಹತ್ತಿರ ಬರುತ್ತಿದ್ದೀರಿ :)

ಧಾರವಾಡಿ_ಡ್ರೈಸರ್
ಆರ್ಗಾನಿಗೆ ಹಂಗ ಅನ್ರಿ, ನಡೀತದ. ಡ್ಯುಟೀರಿಯಂ ಕಡೆ ಬಂದು ನೋಡ್ರಿ, ಅಲ್ಲಿ ಪೂರ್ತಿ ಬ್ಯಾರೆ ಆಟ.

ಜೆಟ್ ಒಳಗ ಮೆಗಾ ಆಂಪಿಯರ್ ರನ್‌ಅವೇ ಕಿರಣಕ್ಕ ಡ್ಯುಟೀರಿಯಂ ಗುಳಿಗಿ ಪುಡಿ ಮಾಡಿ ಹೊಡದ್ರು, ಅಮೆರಿಕದ ಡಿಐಐಐ-ಡಿ ಟೋಕಮ್ಯಾಕ್ ಒಳಗೂ ಡ್ಯುಟೀರಿಯಂ ಹೊಡದ್ರು. ಫಲಿತಾಂಶ ಜೆಟ್‌ನಿಂದ 2021ರಾಗ ಪ್ರಕಟ ಆತು: ಕಿರಣ ಗ್ವಾಡಿಗೆ ಬಡದರೂ ಸುಟ್ಟ ಗುರ್ತ ಇಲ್ಲ. ಕಾರಣ ಏನು? ತಟಸ್ಥ ಡ್ಯುಟೀರಿಯಂ ಶಾಖಾನ ಗ್ವಾಡಿಗೆ ಸಾಗಸ್ತದ, ಹಿನ್ನೆಲೆ ಪ್ಲಾಸ್ಮಾ 1 ಇವಿ ಕೆಳಗ ಇಳೀತದ, ಅಯಾನ್ ಎಲ್ಲಾ ಮತ್ತ ಪರಮಾಣು ಆಗ್ತಾವ, ಎಲೆಕ್ಟ್ರಾನ್ ಸಾಂದ್ರತೆ ಬಿದ್ದು ಹೋಗ್ತದ. ಅಯಾನ್ ಕಡಿಮಿ ಆದಷ್ಟು ಆಲ್ಫ್‌ವೆನ್ ವೇಗ (ಕಾಂತಕ್ಷೇತ್ರದ ಗೆರಿಗುಂಟ ಅಲಿ ಓಡೂ ವೇಗ) ಹೆಚ್ಚು, ಅಸ್ಥಿರತೆ ಜಿಗದ ಬರ್ತದ, ಕಾಂತಕ್ಷೇತ್ರದ ಗೆರಿ ಎಲ್ಲಾ ಒಮ್ಮೆಲೆ ಕದಡ್ತಾವ. ರನ್‌ಅವೇ ಒಂದ ಜಾಗಾಕ್ಕ ಬೀಳೂದು ಬಿಟ್ಟು ಗ್ವಾಡಿ ತುಂಬಾ ಹರಡಿ ಬೀಳ್ತಾವ.

ಈಗ ವಿಷಯಕ್ಕ ಬರ್ರಿ. ಇದೆಲ್ಲಾ ನಿಂತಿದ್ದು ಮರುಸಂಯೋಜನೆ ಮ್ಯಾಲೆ. ಅದನ್ನ ತಡಿಯೂದು ಯಾವುದು? ರನ್‌ಅವೇಗಳ ಅಯಾನೀಕರಣ. ಹೈಡ್ರೋಜನ್ ಅಣುವಿಗೆ ಎಂಇವಿ ಒಳಗ ಕ್ರಾಸ್ ಸೆಕ್ಷನ್ 2×10⁻²³ ಚದರ ಮೀಟರ್, ಅಂದ್ರ ಅಣುವಿಗೆ ಸೆಕೆಂಡಿಗೆ 60. ಅನಿಲ ಹೆಚ್ಚು ತುಂಬಿದಷ್ಟು ತಂಪು ಖರೆ, ಆದ್ರ ಅಯಾನ್ ಹುಟ್ಟೂ ದರಾನೂ ಅನಿಲದ ಜೋಡಿ ನೇರ ಏರ್ತದ. ಅದಕ್ಕ ತಟಸ್ಥ ಒತ್ತಡಕ್ಕ ಮ್ಯಾಲಿನ ಮಿತಿ ಕಂಡು ಬಂತು. ಅದನ್ನ ದಾಟಿದ್ರ ಎಲೆಕ್ಟ್ರಾನ್ ಸಾಂದ್ರತೆ ಮತ್ತ ಏರ್ತದ, ಕಿರಣ ಹಳೇ ಚಾಳಿಗೆ ಬಂದು ಒಂದ ಕಡೆ ಬಡೀತದ.

ಬೋರ್‌ವೆಲ್
60 ಅನ್ನುವುದು 1 ಇವಿ ಕೆಳಗಿನ ಉಷ್ಣ ದರಕ್ಕಿಂತ ಎಷ್ಟು ಹೆಚ್ಚು?

ಧಾರವಾಡಿ_ಡ್ರೈಸರ್
ಹೈಡ್ರೋಜನ್ ಹೊಸ್ತಿಲು 13.6. ಅರ್ಧ ಇವಿಗೆ ಘಾತದ ಪದ 10⁻¹². ಉಷ್ಣದ್ದನ್ನ ಲೆಕ್ಕಾನೇ ಬರಿಬ್ಯಾಡ್ರಿ. ಅಲ್ಲಿ ಅಯಾನ್ ಹುಟ್ಟಸೂದು ರನ್‌ಅವೇ ಮತ್ತ ಅವುಗಳ ಮರಿ, ಬ್ಯಾರೆ ಯಾರೂ ಇಲ್ಲ. ಹಿಂಗ ಕಡಿಮಿ ಅಯಾನ್ ಇದ್ದಾಗ ಸರಪಳಿನೂ ತುಂಡಾಗೂದಿಲ್ಲ, ಡಿಟೆಕ್ಟರ್ ಅಂಕಿ ನಡೀತದ: ಹೈಡ್ರೋಜನ್ ಜೋಡಿಗೆ 36 ಇವಿ.

ಟಂಗ್‌ಸ್ಟನ್_ತಮ್ಮಣ್ಣ
ವಿಷಯಾಂತರ, ಆದರೂ ಹೇಳಲೇಬೇಕು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ದೊಡ್ಡ ಟೋಕಮ್ಯಾಕ್ ಐಟರ್ ತನ್ನ ಮೊದಲ ಗೋಡೆಯನ್ನು ಬೆರಿಲಿಯಂ ಬಿಟ್ಟು ಟಂಗ್‌ಸ್ಟನ್ ಮಾಡಲು ಹೊರಟಿದೆ. ರನ್‌ಅವೇ ಬಡಿದರೆ ಟಂಗ್‌ಸ್ಟನ್ ಕೆ-ಆಲ್ಫಾ (ಒಳ ಕವಚದ ಎಕ್ಸ್‌ಕಿರಣ ಗೆರೆ) 59 ಕಿಲೋ ಇವಿಯಲ್ಲಿ ಹೊಳೆಯುತ್ತದೆ. ಒಳ್ಳೇ ಗುರುತು.

ಗೆರೆಗಾರ
ಅದು ಗೋಡೆಯ ಗುರುತು ತಮ್ಮಣ್ಣ. ಪ್ಲಾಸ್ಮಾದೊಳಗಿನ ಗುರುತು ಬೇಕಾದರೆ ಆರ್ಗಾನ್ ಕೆ-ಆಲ್ಫಾ, 2.96 ಕಿಲೋ ಇವಿ. ಕೆ ಕವಚದ ಬಂಧನ 3.2 ಕಿಲೋ ಇವಿ. 2 ಇವಿಯ ಉಷ್ಣ ಎಲೆಕ್ಟ್ರಾನ್ ಅದನ್ನು ಮುಟ್ಟುವುದು ಅಸಾಧ್ಯ. ಆ ಗೆರೆ ಕಂಡರೆ ಅಲ್ಲಿ ವೇಗದ ಎಲೆಕ್ಟ್ರಾನ್ ಇದೆ, ವಾದವೇ ಇಲ್ಲ. ಆದರೆ ಎಂಟಕ್ಕೆ ಒಂದು ಸಲ ಮಾತ್ರ ಫೋಟಾನ್ ಬರುತ್ತದೆ, ಉಳಿದದ್ದು ಓಜೆ (ಫೋಟಾನ್ ಬದಲು ಇನ್ನೊಂದು ಎಲೆಕ್ಟ್ರಾನ್ ಹೊರಬೀಳುವುದು). ಓಜೆ ಆದರೆ ಒಂದೇ ಪೆಟ್ಟಿಗೆ ಎರಡೋ ಮೂರೋ ಎಲೆಕ್ಟ್ರಾನ್ ಹೋಗುತ್ತವೆ. ವಿದ್ಯುದಂಶದ ಹಂಚಿಕೆ ಅಗಲವಾಗಲು ಇದೂ ಒಂದು ಚಿಕ್ಕ ಕಾರಣ. ಚಿಕ್ಕದು ಅನ್ನುವುದನ್ನು ಒತ್ತಿ ಹೇಳುತ್ತೇನೆ, ಒಟ್ಟು ಪೆಟ್ಟುಗಳಲ್ಲಿ ಒಳ ಕವಚದ ಪಾಲು ಬಹಳ ಕಡಿಮೆ.

ಪ್ಲಾಸ್ಮಾ_ಪೋರ
ಇದೆಲ್ಲ ತಣ್ಣನೆಯ ಪ್ಲಾಸ್ಮಾದ ಕತೆ. ಬಿಸಿ ಪ್ಲಾಸ್ಮಾದಲ್ಲಿ, ಉದಾಹರಣೆಗೆ ಲೋವರ್ ಹೈಬ್ರಿಡ್ ಎಂಬ ರೇಡಿಯೋ ತರಂಗದಿಂದ ಪ್ರವಾಹ ಓಡಿಸುವಾಗ ಹುಟ್ಟುವ 50-100 ಕಿಲೋ ಇವಿ ಬಾಲ? ಅದೂ ಅಯಾನೀಕರಣ ಬದಲಿಸುತ್ತದೆಯೇ?

ಗೆರೆಗಾರ
ಅಲ್ಲಿ ಸಮತೋಲ ಅಷ್ಟಾಗಿ ಅಲುಗುವುದಿಲ್ಲ. ಉಷ್ಣ ಎಲೆಕ್ಟ್ರಾನುಗಳೇ ಹೊಸ್ತಿಲು ದಾಟಿರುತ್ತವೆ, ಬಾಲದ ಪಾಲು ಸೇರಿಸಿದರೂ ಸಾಸಿವೆಯಷ್ಟು. ತೊಂದರೆ ಉಷ್ಣತೆ ಅಳೆಯುವಾಗ. ಹೀಲಿಯಂ ಮಾದರಿಯ ಆರ್ಗಾನಿನ (16 ಎಲೆಕ್ಟ್ರಾನ್ ಕಳೆದದ್ದು) ಅನುರಣನ ಗೆರೆ 3.949 ಆಂಗ್‌ಸ್ಟ್ರಾಮ್, 3.14 ಕಿಲೋ ಇವಿ. ಅದರ ಪಕ್ಕದಲ್ಲಿ ಉಪಗ್ರಹ ಗೆರೆಗಳು ಬರುತ್ತವೆ. ಅವುಗಳಲ್ಲಿ ಕೆಲವು ಡೈಎಲೆಕ್ಟ್ರಾನಿಕ್ ಮರುಸಂಯೋಜನೆಯಿಂದ (ಎಲೆಕ್ಟ್ರಾನ್ ಅಯಾನಿಗೆ ಸಿಕ್ಕಿಬೀಳುತ್ತಲೇ ಒಳಗಿನ ಇನ್ನೊಂದನ್ನು ಮೇಲಕ್ಕೇರಿಸುವುದು) ಹುಟ್ಟುವಂಥವು. ಅವಕ್ಕೆ ಒಂದು ನಿರ್ದಿಷ್ಟ ಶಕ್ತಿಯ ಎಲೆಕ್ಟ್ರಾನೇ ಬೇಕು, ಬಾಲ ಇದ್ದರೂ ಇಲ್ಲದಿದ್ದರೂ ಅವು ಹಾಗೇ ಇರುತ್ತವೆ. ಅನುರಣನ ಗೆರೆಗೆ ಮಾತ್ರ ಹೊಸ್ತಿಲಿನ ಮೇಲಿನ ಎಲ್ಲ ಎಲೆಕ್ಟ್ರಾನುಗಳೂ ಕೊಡುಗೆ ಕೊಡುತ್ತವೆ, ಬಾಲವೂ ಸೇರಿ. ಹಾಗಾಗಿ ಅನುರಣನ ಗೆರೆಗೆ ಹೋಲಿಸಿದ ಉಪಗ್ರಹ ಗೆರೆಯ ಅನುಪಾತ ಇಳಿದು, ಉಷ್ಣತೆ ಇರುವುದಕ್ಕಿಂತ ಹೆಚ್ಚು ಎಂದು ತೋರುತ್ತದೆ. ಬೇರೆ ಬೇರೆ ಶಕ್ತಿ ಬೇಡುವ ಎರಡು ಉಪಗ್ರಹ ಗೆರೆಗಳನ್ನು ಪರಸ್ಪರ ಹೋಲಿಸಿದರೆ ಮುಖ್ಯ ಭಾಗದ ಉಷ್ಣತೆ ಸಿಗುತ್ತದೆ. ಅದಕ್ಕೂ ಅನುರಣನ ಗೆರೆ ಹೇಳುವ ಉಷ್ಣತೆಗೂ ನಡುವಿನ ಅಂತರವೇ ಬಾಲದ ಅಳತೆ. ಸೂರ್ಯನ ಜ್ವಾಲೆಗಳ ಎಕ್ಸ್‌ಕಿರಣ ಓದುವವರು 1979ರಿಂದಲೇ ಇದನ್ನು ಬಳಸುತ್ತಿದ್ದಾರೆ.

ಹೊಸಬ
ಗಾಂಧಿನಗರದ ಆದಿತ್ಯ-ಯು ಯಂತ್ರದಲ್ಲೂ ರನ್‌ಅವೇ ಪ್ಲಾಟೋ ಬರುತ್ತದೆಯೇ? ನಮ್ಮಲ್ಲೇ ಇದನ್ನೆಲ್ಲ ಪರೀಕ್ಷಿಸಬಹುದಲ್ಲ.

ಸೊನ್ನೆ_ಆಯಾಮ
ರನ್‌ಅವೇ ಬರುತ್ತವೆ, ಹಿಮಪಾತ (ಒಂದು ರನ್‌ಅವೇ ಗುದ್ದಿ ಇನ್ನೊಂದನ್ನು ಹುಟ್ಟಿಸುತ್ತಾ ಹೋಗುವ ಸರಣಿ) ಬರುವುದಿಲ್ಲ. ರೋಸೆನ್‌ಬ್ಲೂತ್ ಮತ್ತು ಪುತ್ವಿನ್‌ಸ್ಕಿ 1997ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಗುಣಕ ನಿರ್ಧಾರವಾಗುವುದು ಪ್ರವಾಹದಿಂದ: ಮೆಗಾ ಆಂಪಿಯರನ್ನು 2.5ರಿಂದ ಗುಣಿಸಿ 2.718ರ ಘಾತಕ್ಕೆ ಹಾಕಿ. 0.2 ಮೆಗಾ ಆಂಪಿಯರಿಗೆ 1.6 ಪಟ್ಟು. 2 ಮೆಗಾ ಆಂಪಿಯರಿಗೆ 150 ಪಟ್ಟು. ಐಟರಿನ 15ಕ್ಕೆ 2×10¹⁶ ಪಟ್ಟು! ಅಲ್ಲಿ ಒಂದು ಬೀಜ ಎಲೆಕ್ಟ್ರಾನ್ ಉಳಿದರೂ ಸಾಕು ಅನ್ನುವ ಪರಿಸ್ಥಿತಿ. ಆದಿತ್ಯ-ಯುನಲ್ಲಿ (ದೊಡ್ಡ ತ್ರಿಜ್ಯ 0.75 ಮೀಟರ್, ಚಿಕ್ಕದು 0.25) ಹುಟ್ಟುವುದೆಲ್ಲ ಡ್ರೈಸರ್ ದಾರಿಯವು (ವಿದ್ಯುತ್ ಕ್ಷೇತ್ರ ನೇರವಾಗಿ ಓಡಿಸಿದವು), ಮುಖ್ಯವಾಗಿ ಆರಂಭದ ಹೆಚ್ಚಿನ ಲೂಪ್ ವೋಲ್ಟೇಜಿನಲ್ಲಿ, ಸಾಂದ್ರತೆ ಕಡಿಮೆ ಇದ್ದಾಗ. ಬಾಲದಿಂದ ಗೆರೆಗಳು ಹೇಗೆ ಬದಲಾಗುತ್ತವೆ ಎಂಬುದನ್ನು ನೋಡಲು ಅದು ಸಾಕು, ಪ್ಲಾಟೋದ ಸಮತೋಲ ನೋಡಲು ಸಾಲದು.

ಬೋರ್‌ವೆಲ್
ಐಟರಿನಲ್ಲಿ ಭಾರದ ಅನಿಲ ಹೆಚ್ಚು ಹಾಕಿ ಹಿಮಪಾತವನ್ನು ಒತ್ತಿಬಿಡಬಹುದಲ್ಲ? ಎಲೆಕ್ಟ್ರಾನ್ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು, ಕಾನರ್ ಮತ್ತು ಹೇಸ್ಟಿ 1975ರಲ್ಲಿ ಕೊಟ್ಟ ನಿರ್ಣಾಯಕ ಕ್ಷೇತ್ರ (ರನ್‌ಅವೇ ಹುಟ್ಟಲು ಬೇಕಾದ ಕನಿಷ್ಠ ವಿದ್ಯುತ್ ಕ್ಷೇತ್ರ) ಸಾಂದ್ರತೆಗೆ ನೇರ ಅನುಪಾತ. 10²⁰ಕ್ಕೆ ಮೀಟರಿಗೆ 0.08 ವೋಲ್ಟ್.

ಸೊನ್ನೆ_ಆಯಾಮ
ಎಲ್ಲರೂ ಮೊದಲು ಹೀಗೇ ಯೋಚಿಸಿದ್ದರು. ಪರಮಾಣುವಿಗೆ ಅಂಟಿಕೊಂಡ ಎಲೆಕ್ಟ್ರಾನುಗಳೂ ಎರಡು ಕೆಲಸ ಮಾಡುತ್ತವೆ. ಒಂದು, ಘರ್ಷಣೆ ಹೆಚ್ಚಿಸುತ್ತವೆ. ಎಂಇವಿ ಕಣ ಮೋಡದೊಳಗೆ ನುಗ್ಗಿ ಆರ್ಗಾನ್ ನ್ಯೂಕ್ಲಿಯಸ್ಸಿನ 18ರ ವಿದ್ಯುದಂಶದ ಬಹುಭಾಗವನ್ನು ಕಾಣುತ್ತದೆ, ಹೊರಗಿನ ನಿವ್ವಳ 1 ಅನ್ನಲ್ಲ. ಇದು ನಮಗೆ ಅನುಕೂಲ. ಎರಡು, ಹಿಮಪಾತಕ್ಕೆ ಗುರಿಗಳಾಗುತ್ತವೆ. ಹೊಸ ರನ್‌ಅವೇ ಆಗಲು ಕೆಲವು ಕಿಲೋ ಇವಿಯಿಂದ ನೂರಾರು ಕಿಲೋ ಇವಿ ಪೆಟ್ಟು ಬೇಕು. ಅದರ ಮುಂದೆ 16 ಇವಿ ಬಂಧನ ಏನೂ ಅಲ್ಲ. ಜೊತೆಗೆ ಭಾರದ ಅನಿಲ ಪ್ಲಾಸ್ಮಾವನ್ನು ಇನ್ನೂ ತಣ್ಣಗೆ ಮಾಡಿ, ರೋಧ ಹೆಚ್ಚಿಸಿ, ವಿದ್ಯುತ್ ಕ್ಷೇತ್ರವನ್ನು ಏರಿಸುತ್ತದೆ. 2019ರ ಹೊತ್ತಿಗೆ ಬಂದ ಲೆಕ್ಕಗಳು ತೋರಿಸಿದ್ದು ಇದನ್ನೇ: ಅತಿಯಾಗಿ ಹಾಕಿದರೆ ಹಿಮಪಾತ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆದ್ದರಿಂದಲೇ ಐಟರಿನ ಯೋಜನೆಯಲ್ಲಿ ಹೈಡ್ರೋಜನ್ ಮುಖ್ಯ, ನಿಯಾನ್ ಚಿಟಿಕೆ.

ಪ್ಲಾಸ್ಮಾ_ಪೋರ
ಸರಿ, ಕೋಡಿಗೆ ಇದನ್ನು ಸೇರಿಸುವ ಕ್ರಮ? ಪೂರ್ತಿ ಗತಿಶಾಸ್ತ್ರದ ಹಂಚಿಕೆ ಬಿಡಿಸುವ ಶಕ್ತಿ ನಮ್ಮ ಯಂತ್ರಕ್ಕಿಲ್ಲ.

ಸೊನ್ನೆ_ಆಯಾಮ
ಬೇಕಾಗಿಯೂ ಇಲ್ಲ. ಮೊದಲು ಪ್ರವಾಹದಿಂದ ರನ್‌ಅವೇ ಸಾಂದ್ರತೆ ತೆಗೆಯಿರಿ. ಶಕ್ತಿಯ ಹಂಚಿಕೆಗೆ ತಲೆ ಕೆಡಿಸಿಕೊಳ್ಳಬೇಡಿ. ಕ್ರಾಸ್ ಸೆಕ್ಷನ್ 1ರಿಂದ 20 ಎಂಇವಿಗೆ ಮೂರನೇ ಒಂದು ಪಾಲು ಮಾತ್ರ ಏರುತ್ತದೆ, 10 ಎಂಇವಿ ಅಂತ ಒಂದೇ ಬೆಲೆ ಇಟ್ಟರೆ ಸಾಕು. (ಸಿಂಕ್ರೋಟ್ರಾನ್ ಬೆಳಕು ಲೆಕ್ಕ ಹಾಕುವಾಗ ಮಾತ್ರ ಹೀಗೆ ಮಾಡಬೇಡಿ, ಅದು ಶಕ್ತಿಗೂ, ಕಣದ ದಿಕ್ಕು ಕಾಂತಕ್ಷೇತ್ರದೊಂದಿಗೆ ಮಾಡುವ ಪಿಚ್ ಕೋನಕ್ಕೂ ತೀರಾ ಸೂಕ್ಷ್ಮ.) ಪ್ರತಿ ವಿದ್ಯುದಂಶ ಸ್ಥಿತಿಗೂ ರನ್‌ಅವೇ ಸಾಂದ್ರತೆ ಗುಣಿಸು ಕ್ರಾಸ್ ಸೆಕ್ಷನ್ ಗುಣಿಸು ಬೆಳಕಿನ ವೇಗ, ಇದನ್ನು ದರ ಸಮೀಕರಣದಲ್ಲಿ ಅಯಾನೀಕರಣದ ಪಕ್ಕ ಕೂಡಿಸಿ. ಅಯಾನ್ ಪಾಲು ನೋಡಿಕೊಂಡು ಸರಪಳಿ ಗುಣಕ 3ರಿಂದ 1ಕ್ಕೆ ಇಳಿಸಿ. ಆಮೇಲೆ ಶಕ್ತಿ ಸಮೀಕರಣಕ್ಕೆ ರನ್‌ಅವೇ ಶಾಖ ಹಾಕಿ.

ಇಲ್ಲಿ ಎಡವುವ ಜಾಗ: ರನ್‌ಅವೇ ಕಳೆದುಕೊಂಡ 94 ಇವಿಯಲ್ಲಿ ಬೆಳಕಿಗೆ ಹೋದದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ಉಷ್ಣ ಎಲೆಕ್ಟ್ರಾನುಗಳ ಶಾಖಕ್ಕೆ ಬರೆದು, ಅದರ ಮೇಲೆ ರನ್‌ಅವೇ ಪ್ರಚೋದಿಸಿದ ಗೆರೆಗಳ ವಿಕಿರಣವನ್ನು ಮತ್ತೊಮ್ಮೆ ಕಳೆಯುವುದು. ಆ ಬೆಳಕಿನ ಶಕ್ತಿ ಉಷ್ಣ ಎಲೆಕ್ಟ್ರಾನುಗಳ ಜೇಬಿಗೆ ಬಂದೇ ಇಲ್ಲ, ಅಲ್ಲಿಂದ ಕಳೆಯಬಾರದು. ಅಯಾನೀಕರಣದ 16 ಇವಿಯೂ ಹಾಗೇ. ಮರುಸಂಯೋಜನೆಯಲ್ಲಿ ಅದು ವಾಪಸ್ ಬಂದಾಗ, ಮೂರು ಕಣದ್ದಾದರೆ ಶಾಖಕ್ಕೆ, ವಿಕಿರಣದ್ದಾದರೆ ಬೆಳಕಿಗೆ.

ಕರಾವಳಿ_ಕಣ
ತಾಳೆ ನೋಡಲು ಫ್ಲೈಚೆಕ್ ಎಂಬ ಕೋಡ್ ಇದೆ. ಬಿಸಿ ಎಲೆಕ್ಟ್ರಾನ್ ಪಾಲು ಮತ್ತು ಅದರ ಉಷ್ಣತೆ ಅಂತ ಎರಡು ಖಾನೆ ಕೊಡುತ್ತಾರೆ. ಪಾಲು 10⁻⁴ ಹಾಕಿ. ವಿದ್ಯುದಂಶದ ಹಂಚಿಕೆ ಅಗಲವಾಗುವ ರೀತಿ ತಿಳಿಯುತ್ತದೆ. ಇಷ್ಟು ತಣ್ಣನೆಯ ಪ್ಲಾಸ್ಮಾಕ್ಕೆ ಅದರ ಪರಮಾಣು ಮಾದರಿ ಒರಟು, ಮೂರನೇ ಅಂಕಿಯನ್ನು ನಂಬಬೇಡಿ.

ಹೊಸಬ
ಆರ್ಗಾನ್ ಬದಲು ನಿಯಾನ್ ಹಾಕಿದರೆ ಎಲ್ಲ ಅಂಕಿಗಳೂ ಹೀಗೇ ಇರುತ್ತವೆಯೇ?

ಧಾರವಾಡಿ_ಡ್ರೈಸರ್
ಇಲ್ರೀ. ನಿಯಾನ್ ಹೊಸ್ತಿಲು 21.56, ಅದರ ಅಯಾನಿನ ಮೊದಲ ಬಲವಾದ ಗೆರಿ 46 ನ್ಯಾನೋಮೀಟರ್, 27 ಇವಿ. ಉಷ್ಣ ಎಲೆಕ್ಟ್ರಾನಿಗೆ ವಿಕಿರಣ ಮಾಡೂದು ಆರ್ಗಾನಿಗಿಂತ ಭಾಳ ತ್ರಾಸ. ಅದೇ ಶಾಖ ಸುರದ್ರ ಪ್ಲಾಸ್ಮಾ ಹೆಚ್ಚು ಬಿಸಿ ಆಗಿ ನಿಲ್ತದ. ಹಿಂಗಾಗಿ 1.5 ಇವಿ ಸಂದಿ ನಿಯಾನಿಗೆ ಮ್ಯಾಲಕ್ಕ ಸರೀತದ. ಕ್ರಾಸ್ ಸೆಕ್ಷನ್ನೂ ಆರ್ಗಾನಿಗಿಂತ ಸಣ್ಣದು, ಆ 330 ಹಂಗ ಎತ್ತಿ ಇಡಬ್ಯಾಡ್ರಿ, ಮೊದಲಿನಿಂದ ಲೆಕ್ಕ ಹಾಕ್ರಿ.